ಗಾಳಿಯಲ್ಲಿ ಬಂದ ವಿಷಕ್ಕೆ ಕನ್ನಡದಲ್ಲಿ ಹೆಸರಿಲ್ಲವೇ?

ಭಾನುವಾರ ಬಂತೆಂದರೆ ಬೆಂಗಳೂರಿನ ಹುಡುಗರಿಗೆ ಬೆಟ್ಟದ ಹುಚ್ಚು. ನಿಮಗೂ ಇದೆ, ನನಗೂ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬೈಕು ಹತ್ತಿ, ದೇವನಹಳ್ಳಿ ದಾಟಿ, ನಂದಿಯ ತಪ್ಪಲಿಗೆ ಹೋಗಿ, ಅಲ್ಲೆಲ್ಲೋ ಗಾಡಿ ನಿಲ್ಲಿಸಿ ಹೊಲದ ಬದುವಿನ ಮೇಲೆ ಮೈಲುಗಟ್ಟಲೆ ನಡೆಯುವ ಹುಚ್ಚು. ಹೋಗಿ ಬನ್ನಿ, ಬೇಡ ಅನ್ನುವವನು ನಾನಲ್ಲ. ಮಾಲುಗಳಲ್ಲಿ ಕೂತು ಹಾಳಾಗುವುದಕ್ಕಿಂತ ನಮ್ಮ ನಾಡಿನ ಮಣ್ಣು ಮೆಟ್ಟಿ ಬರುವುದು ಸಾವಿರ ಪಾಲು ಮೇಲು. ಆದರೆ ಹೊರಡುವ ಮುಂಚೆ ಇದನ್ನೊಂದು ಓದಿಕೊಂಡು ಹೋಗಿ.

ಕಳೆದ ಚಳಿಗಾಲದಲ್ಲಿ ನಾವು ಐದು ಜನ ಹೀಗೆಯೇ ಹೋಗಿದ್ದೆವು. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಹೂಕೋಸು, ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ. ಮಂಜು ಇನ್ನೂ ಎದ್ದಿರಲಿಲ್ಲ. ಹೂಕೋಸಿನ ಹೊಲದಲ್ಲಿ ಮೋಟಾರು ಪಂಪಿನ ಸದ್ದು ಕೇಳುತ್ತಿತ್ತು, ಯಾರೋ ಪೈಪು ಎಳೆಯುತ್ತಿದ್ದರು. ನೀರು ಹಾಯಿಸುತ್ತಿದ್ದಾರೆ ಅಂದುಕೊಂಡೆವು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, ಇಂಜಿನಿಯರಿಂಗ್ ಮೊದಲನೇ ವರ್ಷದ ಹುಡುಗ, ಮುಂದೆ ಮುಂದೆ ನಡೆಯುತ್ತಿದ್ದ. ಗಾಳಿ ಒಮ್ಮೆ ತಿರುಗಿತು. ಸಣ್ಣ ಸೋನೆಯಂಥದ್ದು ಅವನ ಮುಖದ ಮೇಲೆ, ಕತ್ತಿನ ಮೇಲೆ, ಅಂಗಿಯ ಮೇಲೆ ಬಿತ್ತು. ಆತ ನಕ್ಕ. ‘ಮಂಜು ಮಳೆಯಾಗ್ತಿದೆ ಕಣ್ರೋ’ ಅಂದ. ಆಮೇಲೆ ವಾಸನೆ ಬಂತು. ಬೆಳ್ಳುಳ್ಳಿಯೂ ಸೀಮೆಎಣ್ಣೆಯೂ ಬೆರೆತಂಥ ವಾಸನೆ. ಕರ್ಚೀಫಿನಿಂದ ಮುಖ ಒರೆಸಿಕೊಂಡು, ಅದೇ ಕೈಯಲ್ಲಿ ಬನ್ನು ತಿಂದು, ಅದೇ ಅಂಗಿಯಲ್ಲಿ ಇನ್ನೂ ಮುಕ್ಕಾಲು ಗಂಟೆ ನಡೆದ. ತಪ್ಪು ಅವನದಲ್ಲ. ಹಾಗೆ ಮಾಡಬಾರದು ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರು? ನಮಗಾದರೂ ಯಾರು ಹೇಳಿದ್ದರು?

ಮೊದಲು ಕಣ್ಣುರಿ. ಆಮೇಲೆ ತಲೆಸಿಡಿತ, ಬಾಯಲ್ಲಿ ನಿಲ್ಲದ ಜೊಲ್ಲು, ಆ ಚಳಿಯಲ್ಲೂ ಬೆವರು, ವಾಂತಿ. ಕಣ್ಣ ರೆಪ್ಪೆ ತನ್ನಷ್ಟಕ್ಕೆ ತಾನೇ ಪಟಪಟ ಅನ್ನತೊಡಗಿದಾಗ ನಮ್ಮ ಜೀವ ಬಾಯಿಗೆ ಬಂತು. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹತ್ತಿರದ ಊರಿನ ಆಸ್ಪತ್ರೆಗೆ ಹೊತ್ತು ಹಾಕಿದೆವು. ಡಾಕ್ಟರು ಒಳ್ಳೆಯವರು. ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಕ್ಕೆ ಇಳಿದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ:

‘ಯಾವ ಔಷಧಿ ಬಿದ್ದದ್ದು?’

ಓದುಗ ಮಿತ್ರರೇ, ಆ ಪ್ರಶ್ನೆಗೆ ನಮ್ಮ ಐವರಲ್ಲಿ ಒಬ್ಬನ ಹತ್ತಿರವೂ ಉತ್ತರ ಇರಲಿಲ್ಲ. ಅದಕ್ಕೇ ಈ ಬರಹ.

ಇಬ್ಬರು ವಾಪಸು ಹೊಲಕ್ಕೆ ಓಡಿದರು. ರೈತ ಇನ್ನೂ ಪೈಪು ಹಿಡಿದೇ ನಿಂತಿದ್ದ. ಲುಂಗಿ, ಬನಿಯನ್ನು, ಬಾಯಿಗೆ ಒಂದು ಟವೆಲು. ಸುದ್ದಿ ಕೇಳಿದ್ದೇ ಪೈಪು ಬಿಸಾಕಿ ಓಡಿ ಬಂದ. ‘ಅಯ್ಯೋ, ಏನಾಯ್ತಪ್ಪಾ? ನಾನು ಆ ಕಡೆ ಮೊಖ ಮಾಡ್ಕಂಡಿದ್ದೆ, ನೀವು ಬಂದಿದ್ದು ಕಾಣ್ಲಿಲ್ಲ ನಂಗೆ’ ಅಂದ. ಔಷಧಿಯ ಹೆಸರೇನು ಅಂದರೆ, ‘ಹೂಕೋಸಿನ ಹುಳಕ್ಕೆ ಅಂತ ಅಂಗಡಿಯೋರು ಕೊಟ್ಟವ್ರೆ, ಮುಚ್ಚಳದ ಲೆಕ್ಕ ಹೇಳವ್ರೆ’. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಬಾಟಲಿ ತಂದ. ಅದರ ಮೇಲೆ ಕಂಪನಿಯ ಹೆಸರು ದಪ್ಪಗೆ, ಫಳಫಳ ಇಂಗ್ಲಿಷಿನಲ್ಲಿ. ವಿಷದ ಹೆಸರು ಅದರ ಕೆಳಗೆ ಸಣ್ಣಗೆ, ಅದೂ ಇಂಗ್ಲಿಷಿನಲ್ಲೇ. ಕನ್ನಡ ಇತ್ತೇ? ಇತ್ತು ಸ್ವಾಮಿ, ಇತ್ತು! ಬಾಟಲಿಯ ಬೆನ್ನಿನ ಮೇಲೆ, ಬೇರೆ ಭಾಷೆಗಳ ಸಾಲಿನ ನಡುವೆ ಹಿಸುಕಿಕೊಂಡು, ಇರುವೆ ಸಾಲಿನಂಥ ಅಕ್ಷರದಲ್ಲಿ, ಸೋರಿದ ಔಷಧಿಯಿಂದ ಅರ್ಧಕ್ಕರ್ಧ ಅಳಿಸಿಹೋಗಿ. ಏಳನೇ ಕ್ಲಾಸು ಓದುವ ಅವನ ಮಗಳು ಬಂದು ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಲು ನೋಡಿದಳು. ಕೊನೆಗೆ ‘ಫಾಸ್’ ಅಂತ ಬರುತ್ತದೆ ಅನ್ನುವುದಷ್ಟೇ ತಿಳಿಯಿತು. ನಮ್ಮ ಹುಡುಗರ ಕೈಕಾಲು ನಡುಗುತ್ತಿತ್ತು, ಫೋಟೋ ತೆಗೆದು ಕಳಿಸಬೇಕು ಅನ್ನುವುದೂ ಅವರಿಗೆ ಹೊಳೆಯಲಿಲ್ಲ. ಕಡೆಗೆ ರೈತನೇ ಬಾಟಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಬಂದ.

ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. ಹುಡುಗನ ಲಕ್ಷಣ ನೋಡಿ ಅವರು ಆಗಲೇ ಅಂದಾಜು ಮಾಡಿ ಅಟ್ರೋಪಿನ್ ಇಂಜೆಕ್ಷನ್ ಶುರು ಮಾಡಿದ್ದರು. ಬಾಟಲಿ ಬಂದ ಮೇಲೆ ಅಂದಾಜು ಖಾತ್ರಿಯಾಯಿತು. ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಮನೆಗೆ ಕಳಿಸಿದರು. ಮೈಮೇಲೆ ಬಿದ್ದದ್ದು ಸ್ವಲ್ಪ, ನಮ್ಮ ಪುಣ್ಯ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದಲ್ಲ. ರೈತ ಇಡೀ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅವನ ಕಣ್ಣು ಕೆಂಡವಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಡಾಕ್ಟರು ಹೊರಗೆ ಬಂದು ‘ನಿಮಗೇನೂ ಆಗಿಲ್ವೇನ್ರೀ?’ ಅಂದರು. ‘ನಮಗೆ ರೂಢಿ ಬುಡಿ ಸ್ವಾಮಿ’ ಅಂದ.

ರೂಢಿಯಂತೆ!

ಈಗ ನಿಮ್ಮನ್ನು ಕೇಳುತ್ತೇನೆ. ಈ ಕಥೆಯಲ್ಲಿ ಖಳನಾಯಕ ಯಾರು? ಪೇಟೆಯ ನಾವು ಥಟ್ಟನೆ ರೈತನ ಕಡೆ ಬೆರಳು ತೋರಿಸುತ್ತೇವೆ. ಮೊಬೈಲು ತೆಗೆದು, ‘ನೋಡಿ, ನಮಗೆ ವಿಷ ಉಣಿಸುವವರು ಇವರೇ’ ಅಂತ ವಿಡಿಯೋ ಮಾಡಿ ಹರಿಬಿಡುವ ಶೂರರೂ ನಮ್ಮಲ್ಲಿದ್ದಾರೆ. ಅಲ್ರೀ, ನಮ್ಮ ಮೇಲೆ ಒಂದು ಸಲ ಹನಿ ಬಿದ್ದರೆ ಆಸ್ಪತ್ರೆ. ಅವನ ಮೈಮೇಲೆ ಬೆಳೆ ಕೊಯ್ಯುವ ತನಕ ಬೀಳುತ್ತಲೇ ಇರುತ್ತದೆ. ಆ ಬಾಟಲಿ ಅವನಿಗೆ ಮಾತಾಡಿಲ್ಲ, ನಮಗೂ ಮಾತಾಡಿಲ್ಲ. ತನ್ನದೇ ನೆಲದಲ್ಲಿ, ತನ್ನದೇ ಕೈಯಲ್ಲಿರುವ ವಿಷದ ಹೆಸರನ್ನು ತನ್ನ ಭಾಷೆಯಲ್ಲಿ ಓದಲಾಗದವನನ್ನು ಅಪರಾಧಿ ಅನ್ನುವುದು ಯಾವ ನ್ಯಾಯ?

ಕಾನೂನು ಇಲ್ಲವೆಂದಲ್ಲ. ಈ ದೇಶದಲ್ಲಿ ಕೀಟನಾಶಕಗಳ ಕಾಯಿದೆ ಬಂದದ್ದೇ ಹೆಣಗಳ ರಾಶಿ ಬಿದ್ದ ಮೇಲೆ. 1958ರಲ್ಲಿ ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ವಿಷದ ಜೊತೆ ಬಂದ ಗೋಧಿಹಿಟ್ಟು ಕೆಟ್ಟು, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಕೇರಳದವರು. ಆ ಪಾಠದಿಂದ 1968ರಲ್ಲಿ ಕಾಯಿದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು. ಲೇಬಲ್ಲು ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಮಾಲು ಮಾರುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕು ಅಂತ ಆ ನಿಯಮಗಳಲ್ಲೇ ಬರೆದಿದೆ. ಒಳಗೊಂದು ಚೀಟಿ ಇರಬೇಕು, ಅದರಲ್ಲಿ ವಿಷವೇರಿದರೆ ಕಾಣುವ ಲಕ್ಷಣಗಳು, ಮೊದಲ ಉಪಚಾರ, ವಿಷಕ್ಕೆ ಮದ್ದು ಯಾವುದು ಎಲ್ಲ ಇರಬೇಕು ಅಂತಲೂ ಇದೆ. ಕಾಗದದ ಮೇಲೆ ಕನ್ನಡ ಗೆದ್ದಿದೆ! ಬಾಟಲಿಯ ಮೇಲೆ ಸೋತಿದೆ. ಭೂತಗನ್ನಡಿ ಹಿಡಿದು ಓದಬೇಕಾದ ಕನ್ನಡವನ್ನು ಅಚ್ಚು ಹಾಕಿ ‘ನಿಯಮ ಪಾಲಿಸಿದ್ದೇವೆ’ ಅನ್ನುವುದು ನಿಯಮ ಪಾಲನೆಯೇ? ಅದು ರೈತನ ಕಣ್ಣಿಗೆ ಮಣ್ಣೆರಚುವುದು.

ಅಕ್ಷರ ದೊಡ್ಡದಾಗಿದ್ದರೂ ಇನ್ನೊಂದು ತೊಡಕಿದೆ. ಅದು ಎಂಥ ಕನ್ನಡ? ‘ಸಿಂಪಡಣಾ ಕಾರ್ಯದ ವೇಳೆ ಧೂಮಪಾನ ಹಾಗೂ ಆಹಾರ ಸೇವನೆ ನಿಷಿದ್ಧ’ ಅಂತ ಬರೆದರೆ ಯಾವ ಹೊಲದಲ್ಲಿ ಅರ್ಥವಾಗುತ್ತದೆ? ‘ಹೊಡೆಯುವಾಗ ಬೀಡಿ ಸೇದಬೇಡಿ, ಕೈ ತೊಳೆಯದೆ ಊಟ ಮಾಡಬೇಡಿ’ ಅಂದರೆ ಕಂಪನಿಯ ಗಂಟೇನು ಹೋಗುತ್ತದೆ? ನಮ್ಮ ಹಳೇ ಮೈಸೂರು ಕಡೆ ಇದನ್ನು ‘ಔಷಧಿ’ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಎಣ್ಣಿ ಹೊಡಿಯೂದು’. ಕರಾವಳಿ, ಮಲೆನಾಡಿನಲ್ಲಿ ‘ಮದ್ದು ಬಿಡುವುದು’. ನೋಡಿ ವಿಚಿತ್ರ, ಮೂರರಲ್ಲಿ ಒಂದು ಮಾತೂ ವಿಷ ಅನ್ನುವುದಿಲ್ಲ! ಗಿಡಕ್ಕೆ ಕಾಯಿಲೆ, ಅದಕ್ಕೆ ಔಷಧಿ, ಔಷಧಿ ಮೈಮೇಲೆ ಬಿದ್ದರೆ ಏನಾಗುತ್ತದೆ ಅನ್ನುವ ಧೈರ್ಯ. ಜನರ ಮಾತನ್ನು ನಾನು ಹಳಿಯುತ್ತಿಲ್ಲ. ಆ ಮಾತಿನ ಒಳಗೆ ಎಚ್ಚರಿಕೆಯನ್ನು ಸೇರಿಸುವ ಕೆಲಸ ಸರಕಾರದ್ದು, ಕಂಪನಿಯದ್ದು, ಅಂಗಡಿಯವನದ್ದು. ಅವರು ಮಾಡಿಲ್ಲ.

ಅಕ್ಷರ ಬಾರದವರಿಗೂ ತಿಳಿಯಲಿ ಅಂತ ಒಂದು ಗುರುತು ಮಾಡಿದ್ದಾರೆ. ಬಾಟಲಿಯ ಮೇಲೆ ಗಾಳಿಪಟದ ಹಾಗೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪಾದರೆ ಅತಿ ಘೋರ ವಿಷ, ಮೇಲೆ ತಲೆಬುರುಡೆಯೂ ಇರುತ್ತದೆ. ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕಡೆಗೆ ಹಸಿರು. ನಮ್ಮ ಹುಡುಗನ ಮೇಲೆ ಬಿದ್ದದ್ದು ಹಳದಿ. ಇದರಲ್ಲೂ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ ಮೋಸವಲ್ಲ. ಹಸಿರು ಬಣ್ಣ ಕಂಡರೆ ನಮ್ಮ ಜನ ‘ಏನೂ ಆಗಲ್ಲ’ ಅಂದುಕೊಳ್ಳುತ್ತಾರೆ. ಹಸಿರೆಂದರೆ ಪೈರಿನ ಬಣ್ಣ, ಟ್ರಾಫಿಕ್ ಸಿಗ್ನಲಿನಲ್ಲಿ ಹೋಗು ಅನ್ನುವ ಬಣ್ಣ. ಆದರೆ ಅದೂ ವಿಷವೇ, ಪ್ರಮಾಣ ಬೇರೆ ಅಷ್ಟೆ. ಈ ಬಣ್ಣಗಳ ಅರ್ಥವನ್ನು ಶಾಲೆಯ ಪಾಠದಲ್ಲಿ ಓದಿದ ನೆನಪು ನಿಮಗಿದೆಯೇ? ಸಿಗ್ನಲಿನ ಮೂರು ಬಣ್ಣ ಬಾಯಿಪಾಠ ಮಾಡಿಸಿದರು, ಈ ನಾಲ್ಕು ಬಣ್ಣ ಯಾರೂ ಹೇಳಿಕೊಡಲಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡಬೇಕು. ಹೊಲದಲ್ಲಿ ಹೊಡೆಯುವುದೆಲ್ಲ ಒಂದೇ ಅಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಬಿಡುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣ. ಅದರ ನೀಲಿ ಹನಿ ಅಂಗಿಯ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ, ತೊಳೆದುಕೊಳ್ಳಬೇಕು. ಅದೇ ‘ಫಾಸ್’ ಅಂತ ಮುಗಿಯುವ ಹೆಸರಿನ ಬಹಳಷ್ಟು ಕೀಟನಾಶಕಗಳು ನರಗಳ ಮೇಲೆಯೇ ಕೈ ಇಡುತ್ತವೆ. ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಅಳಿಸಿಹಾಕುವ ಒಂದು ಕಿಣ್ವ ನಮ್ಮ ಮೈಯಲ್ಲಿದೆ. ಇವು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂದೇಶ ಅಳಿಸುವುದೇ ಇಲ್ಲ, ಮತ್ತೆ ಮತ್ತೆ ಬಾರಿಸುತ್ತಲೇ ಇರುತ್ತದೆ. ಜೊಲ್ಲು, ಬೆವರು, ಕಣ್ಣೀರು, ವಾಂತಿ, ಸ್ನಾಯುಗಳ ಅದುರು ಅದಕ್ಕೇ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಹಾಗಾಗಿಯೇ ಡಾಕ್ಟರು ಮೊದಲು ಹೆಸರು ಕೇಳುವುದು. ಒಂದಕ್ಕೆ ಅಟ್ರೋಪಿನ್ ಇದೆ. ಕಳೆ ಸುಡುವ ಪ್ಯಾರಾಕ್ವಾಟ್ ಎಂಬುದು ಹೊಟ್ಟೆಗೆ ಹೋದರೆ ಅದಕ್ಕೆ ಮದ್ದೇ ಇಲ್ಲ. ಹೆಸರು ಗೊತ್ತಿಲ್ಲದಿದ್ದರೆ ಡಾಕ್ಟರು ಕತ್ತಲಲ್ಲಿ ತಡಕಬೇಕು.

ಮತ್ತೆ ನಾವು ನಡೆಯುವ ಹೊತ್ತೇ ಅವರು ಹೊಡೆಯುವ ಹೊತ್ತು. ಬಿಸಿಲೇರಿ ಗಾಳಿ ಎದ್ದರೆ ಔಷಧಿ ಹಾರಿಹೋಗುತ್ತದೆ ಅಂತ ರೈತರು ಬೆಳಿಗ್ಗೆ, ಸಂಜೆ ಆರಿಸಿಕೊಳ್ಳುತ್ತಾರೆ. ಅದು ಸರಿಯೇ. ಆದರೆ ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ. ಮಂಜು ಏಳದೆ ನಿಂತಿದೆ ಅಂದರೆ ಅದೇ ಕಾರಣ. ಆ ಮಂಜಿನ ಜೊತೆಗೇ ಔಷಧಿಯ ಸಣ್ಣ ಹನಿಗಳೂ ಕೆಳಕ್ಕೆ ಬೀಳದೆ, ಮೇಲಕ್ಕೂ ಹೋಗದೆ ತೇಲುತ್ತಿರುತ್ತವೆ, ಒಂದು ಸಣ್ಣ ಗಾಳಿ ಬೀಸಿದರೆ ದಾರಿಯ ಮೇಲಕ್ಕೆ ಬರುತ್ತವೆ. ನಾವು ‘ಆಹಾ, ಎಂಥಾ ಮಂಜು’ ಅಂತ ಎದೆ ತುಂಬ ಉಸಿರೆಳೆಯುತ್ತೇವೆ.

ಇದೆಲ್ಲ ಸಣ್ಣ ವಿಷಯ, ಒಬ್ಬ ಹುಡುಗನಿಗೆ ವಾಂತಿಯಾದದ್ದಕ್ಕೆ ಇಷ್ಟು ದೊಡ್ಡ ಲೇಖನವೇ ಅನ್ನುವವರಿದ್ದರೆ, ಅವರನ್ನು ಕಾಸರಗೋಡಿಗೆ ಕರೆದುಕೊಂಡು ಹೋಗುತ್ತೇನೆ. 1956ರಲ್ಲಿ ನಮ್ಮ ಕೈತಪ್ಪಿ ಕೇರಳಕ್ಕೆ ಸೇರಿದ ಕಾಸರಗೋಡು. ಅಲ್ಲಿ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಅಂತ ಒಂದು ಊರು, ಅದರೊಳಗೆ ಇನ್ನೊಂದು ಊರು, ಹೆಸರು ಸ್ವರ್ಗ. ಹೌದು, ಸ್ವರ್ಗವೇ! ಕನ್ನಡ, ತುಳು ಮಾತಾಡುವ ಜನ. ಗುಡ್ಡದ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಗುಡ್ಡದ ಕೆಳಗೆ ಮನೆಗಳು. 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಶಾಲೆಗೆ ನಡೆದು ಹೋಗುವ ಮಕ್ಕಳು ಅದೇ ದಾರಿಯಲ್ಲಿ. ಹುಲ್ಲು ಮೇಯುವ ದನ ಅದೇ ಗುಡ್ಡದಲ್ಲಿ. ಕುಡಿಯುವ ನೀರು ಅದೇ ಗುಡ್ಡದ ಹೊಟ್ಟೆಯಿಂದ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ತೆಗೆಯುವುದು ಹಳೆಯ ಪದ್ಧತಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಬಿಲ ತೋಡಿದರೆ ನೀರು ತಾನೇ ಜಿನುಗಿ ಹೊರಗೆ ಹರಿಯುತ್ತದೆ. ಮಳೆ ಬಿದ್ದರೆ ಗುಡ್ಡ ಕುಡಿಯುತ್ತದೆ, ಗುಡ್ಡ ಕುಡಿದದ್ದನ್ನು ಜನ ಕುಡಿಯುತ್ತಾರೆ. ವಿಮಾನ, ಹೆಲಿಕಾಪ್ಟರಿನಿಂದ ಹೊಡೆಯುವುದಕ್ಕೆ 1971ರ ನಿಯಮಗಳಲ್ಲೇ ಷರತ್ತುಗಳಿದ್ದವು. ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನರೂ ದನಕರುಗಳೂ ಆ ಜಾಗಕ್ಕೆ ಬರದ ಹಾಗೆ ನೋಡಿಕೊಳ್ಳಬೇಕು. ಒಂದು ಬಾವಿಗಾದರೆ ಓಲೆಗರಿ ಮುಚ್ಚಬಹುದು. ಒಂದು ಇಡೀ ಗುಡ್ಡಕ್ಕೆ ಯಾವ ಮುಚ್ಚಳ ಹಾಕುತ್ತೀರಿ? ತೋಡಿಗೆ ಯಾವ ಬೀಗ ಜಡಿಯುತ್ತೀರಿ? ಗುಡ್ಡದ ಬುಡದಲ್ಲೇ ಮನೆ ಇರುವವನು 24 ಗಂಟೆ ಮೊದಲು ಗೊತ್ತಾದರೆ ಎಲ್ಲಿಗೆ ಹೋಗುತ್ತಾನೆ?

ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಮಿತಿಮೀರಿ ಕಾಣುತ್ತಿದೆಯಲ್ಲ ಅಂತ ಲೆಕ್ಕ ಇಡತೊಡಗಿದರು. ಪತ್ರಕರ್ತ ಶ್ರೀಪಡ್ರೆ ಊರಿನ ಸಂಕಟವನ್ನು ಹೊರಜಗತ್ತಿಗೆ ಬರೆದು ತಿಳಿಸಿದರು. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು ತನ್ನ ಮನೆಯ ಮೇಲೆ ಬೀಳುತ್ತಿದ್ದ ವಿಷದ ವಿರುದ್ಧ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಕಣ್ಣು ಮುಚ್ಚಿದ್ದಾಗ ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಪತ್ರಕರ್ತ, ಒಬ್ಬ ನೌಕರಳು!

ಇದು ಗಡಿಯಾಚೆಯ ಕಥೆ ಅಂತ ಸಮಾಧಾನ ಪಡಬೇಡಿ. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಇದೇ ಎಂಡೋಸಲ್ಫಾನ್ ಸುರಿಯಿತು. ಅಲ್ಲಿ ಸುರಿದದ್ದು ನಮ್ಮದೇ ಸರಕಾರದ ಗೇರು ಅಭಿವೃದ್ಧಿ ನಿಗಮ. ಕರ್ನಾಟಕ 2011ರ ಫೆಬ್ರವರಿಯಲ್ಲಿ ಅದನ್ನು ನಿಷೇಧಿಸಿತು, ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. 2017ರ ಜನವರಿಯಲ್ಲಿ ಅದೇ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರಕಾರಕ್ಕೆ ಆದೇಶ ಮಾಡಬೇಕಾಯಿತು. ಸುರಿಯುವುದು ನಿಂತ ಹದಿನೇಳು ವರ್ಷದ ಮೇಲೆ! ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ತಾಯಂದಿರು ಎತ್ತಿ ಇಳಿಸಿ ಅಷ್ಟು ಹೊತ್ತಿಗೆ ಅವರ ಬೆನ್ನು ಬಾಗಿತ್ತು.

ಇನ್ನು ಹೊಡೆಯುವವನ ಗತಿ ಏನು ಅನ್ನುವುದಕ್ಕೆ 2017ರ ಯವತಮಾಳ ಸಾಕು. ಮಹಾರಾಷ್ಟ್ರದ ಆ ಒಂದು ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಲೇ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಅವರಿಗೂ ರೂಢಿ ಇತ್ತಲ್ಲ?

ಈಗ ನಿಮ್ಮ ವಿಚಾರಕ್ಕೆ ಬರುತ್ತೇನೆ. ನಾಳೆ ನಿಮ್ಮ ಮೇಲೆಯೇ ಬಿತ್ತು ಅನ್ನಿ. ಮೊದಲು ಗಾಳಿ ಬರುವ ದಿಕ್ಕಿಗೆ ಅಡ್ಡ ಸರಿದು ಹೊಲದಿಂದ ದೂರ ಹೋಗಿ. ಕಣ್ಣು ಉಜ್ಜಬೇಡಿ, ಮುಖ ಒರೆಸಬೇಡಿ, ಏನನ್ನೂ ತಿನ್ನಬೇಡಿ, ಸಿಗರೇಟು ಹಚ್ಚಬೇಡಿ. ನೆನೆದ ಬಟ್ಟೆ ಅಲ್ಲೇ ಬಿಚ್ಚಿ. ನಾಚಿಕೆಗಿಂತ ಜೀವ ದೊಡ್ಡದು. ಬೋರ್‌ವೆಲ್ಲೋ ಕೊಳಾಯಿಯೋ ಸಿಕ್ಕ ಕಡೆ ಸೋಪು ಹಾಕಿ ಮೈ, ತಲೆಗೂದಲು, ಕಿವಿಯ ಹಿಂದೆ, ಉಗುರಿನ ಸಂದು, ಕಂಕುಳು, ತೊಡೆಸಂದಿ ತೊಳೆಯಿರಿ. ಈ ಮೆತ್ತಗಿನ ಜಾಗಗಳಿಂದ ಮತ್ತು ತಲೆಯ ಚರ್ಮದಿಂದ ವಿಷ ಬೇಗ ಒಳಗಿಳಿಯುತ್ತದೆ. ಕಣ್ಣಿಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು. ಕಾಂಟ್ಯಾಕ್ಟ್ ಲೆನ್ಸು ಹಾಕುವವರು ಅದನ್ನು ತೆಗೆದುಬಿಡಿ. ಹಾಲು ಕುಡಿ, ತುಪ್ಪ ಕುಡಿ, ಬೆರಳು ಹಾಕಿ ವಾಂತಿ ಮಾಡು ಅನ್ನುವ ಹಿತವಚನ ಯಾರು ಹೇಳಿದರೂ ಕೇಳಬೇಡಿ. ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ತಂದು ಬೇರೆಯಾಗಿ ಒಗೆಯಿರಿ, ಅಮ್ಮನ ಕೈಗೆ ಹಾಗೇ ಕೊಟ್ಟು ಬಿಡಬೇಡಿ. ಮೈ ಸರಿಯಿಲ್ಲ ಅನ್ನಿಸಿದರೆ ಒಬ್ಬನೇ ಬೈಕು ಓಡಿಸಬೇಡಿ, 108ಕ್ಕೆ ಫೋನು ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಆಗ ಏನೂ ಆಗದಿದ್ದರೂ ಆ ದಿನ, ಆ ರಾತ್ರಿ ಒಬ್ಬರೇ ಇರಬೇಡಿ, ಲಕ್ಷಣ ತಡವಾಗಿ ಕಾಣಿಸುವುದೂ ಉಂಟು.

ಮತ್ತೆ ಎಲ್ಲಕ್ಕಿಂತ ಮುಖ್ಯ, ಬಾಟಲಿಯ ಫೋಟೋ. ಮುಂದೆ, ಹಿಂದೆ, ಬಣ್ಣದ ಚೌಕ, ಮೂರೂ. ರೈತನ ಹತ್ತಿರ ಹೋಗಿ ‘ಅಣ್ಣಾ, ಮೈಮೇಲೆ ಬಿತ್ತು, ಬಾಟಲಿ ಸ್ವಲ್ಪ ತೋರಿಸ್ತೀರಾ?’ ಅಂತ ಕೇಳಿ. ಜಗಳಕ್ಕೆ ನಿಂತರೆ ಬಾಟಲಿ ಸಿಗುವುದಿಲ್ಲ. ನಾವು ನಡೆದದ್ದು ಅವನ ಹೊಲದ ಬದುವಿನ ಮೇಲೆ, ಅದನ್ನೂ ನೆನಪಿಡಿ.

ಇಷ್ಟು ನಮ್ಮ ಮೈ ಉಳಿಸಿಕೊಳ್ಳುವುದಕ್ಕೆ. ಆದರೆ ನೀವು ಬರೀ ನಿಮ್ಮ ಮೈ ಉಳಿಸಿಕೊಂಡು ಬರುವವರಲ್ಲ ಅಂತ ನಂಬಿ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಸಣ್ಣದಾದರೆ ನಮ್ಮ ರಕ್ತ ಕುದಿಯುತ್ತದೆ, ಕುದಿಯಲೇಬೇಕು. ಬೋರ್ಡು ಓದಲಾಗದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು. ವಿಷದ ಬಾಟಲಿ ಓದಲಾಗದಿದ್ದರೆ ಎಲ್ಲಿಗೆ ಹೋಗುವುದು? ಹಾಗಾದರೆ ನಮ್ಮ ಚಳವಳಿಯ ಕಣ್ಣು ಎಂ.ಜಿ. ರಸ್ತೆಯ ಬೋರ್ಡು ದಾಟಿ ಗೊಬ್ಬರದ ಅಂಗಡಿಯ ಕಪಾಟಿನ ಮೇಲೂ ಬೀಳಬೇಡವೇ? ಕೇಳೋಣ. ವಿಷದ ಹೆಸರು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಹೊಡೆದ ಮೇಲೆ ಎಷ್ಟು ದಿನ ಹೊಲಕ್ಕೆ ಕಾಲಿಡಬಾರದು, ಈ ಮೂರು ಮಾತು ಬಾಟಲಿಯ ಮುಂಭಾಗದಲ್ಲಿ, ಕಂಪನಿಯ ಹೆಸರಿನಷ್ಟೇ ದಪ್ಪ ಕನ್ನಡದಲ್ಲಿ ಇರಲಿ ಅಂತ ಕೃಷಿ ಇಲಾಖೆಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೆಯೋಣ. ಹೆಲಿಕಾಪ್ಟರಿಗೆ 24 ಗಂಟೆ ಮೊದಲೇ ತಿಳಿಸಬೇಕೆಂಬ ನಿಯಮ ಇದ್ದ ಮೇಲೆ, ದಾರಿಯ ಪಕ್ಕದ ಹೊಲಕ್ಕೆ ಒಂದು ಫಲಕ ನೆಡಿಸುವುದು ಗ್ರಾಮ ಪಂಚಾಯಿತಿಗೆ ಆಗದ ಕೆಲಸವೇ? ಈಗ ಡ್ರೋನುಗಳೂ ಬಂದಿವೆ, ಅವುಗಳಿಂದ ಔಷಧಿ ಹೊಡೆಯಲು 2021ರಲ್ಲಿ ಕೇಂದ್ರ ಸರಕಾರ ಕಾರ್ಯವಿಧಾನವನ್ನೂ ಹೊರಡಿಸಿದೆ. ತಲೆಯ ಮೇಲಿಂದ ಬೀಳುವ ಕಾಲ ಮತ್ತೆ ಬರುತ್ತಿದೆ. ಅದು ಹಳ್ಳಿಗೆ ಬರುವ ಮುಂಚೆ ಅದರ ಎಚ್ಚರಿಕೆ ಹಳ್ಳಿಯ ಮಾತಿನಲ್ಲಿ ಬರಲಿ.

ಫಲಕದ ವಿಚಾರ ಬಂದಾಗ ನಗು ಬರುತ್ತದೆ. ದ್ರಾಕ್ಷಿ ತೋಟಗಳ ಬೇಲಿಗೆ ‘ಔಷಧಿ ಹೊಡೆದಿದೆ, ಹಣ್ಣು ಕೀಳಬೇಡಿ’ ಅಂತ ಬರೆದು ತೂಗುಹಾಕಿದ್ದನ್ನು ನಾನು ನೋಡಿದ್ದೇನೆ. ಕಳ್ಳರಿಗೆ ಹೆದರಿಸಲು! ಕಳ್ಳನಿಗೆ ಸಿಗುವ ಎಚ್ಚರಿಕೆ ದಾರಿಹೋಕನಿಗೆ ಇಲ್ಲ.

ಮೊನ್ನೆ ನಾವು ಐವರೂ ಮತ್ತೆ ಆ ದಾರಿಯಲ್ಲಿ ಹೋದೆವು. ನಮ್ಮ ಹುಡುಗನೂ ಬಂದಿದ್ದ, ಈ ಸಲ ಹಿಂದೆ ಹಿಂದೆ ನಡೆಯುತ್ತಿದ್ದ. ಹೂಕೋಸು ಮುಗಿದು ಟೊಮೆಟೊ ಹಾಕಿದ್ದರು. ದಾರಿ ತಿರುಗುವಲ್ಲಿ ಗೂಟಕ್ಕೆ ಒಂದು ಹಳೇ ತಗಡು ಕಟ್ಟಿತ್ತು, ಅದರ ಮೇಲೆ ಸುಣ್ಣದಲ್ಲಿ, ಶಾಲೆಯ ಮಕ್ಕಳ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಇವತ್ತು ಔಷ್ದಿ ಹೊಡ್ದೈತೆ. ಕೆರೆ ಕಡೆ ದಾರೀಲಿ ಹೋಗಿ.’

ಕೆರೆ ಕಡೆ ದಾರಿಯಲ್ಲೇ ಹೋದೆವು.